ಮುಂಡರಗಿಯ ಬೋಟು ಸಮುದ್ರಕ್ಕೆ ಹೋದ ಚಳಿಗಾಲ

ಮೊನ್ನೆ ಅಡರಕಟ್ಟಿಗೆ ತಂಗಿಯ ಮನೆಗೆ ಹೋಗಿದ್ದೆ. ಹಿತ್ತಿಲಲ್ಲಿ ಅವಳ ಮೈದುನ ಔಷಧ ಹೊಡೆಯುವ ಮಷೀನು ಇಟ್ಟುಕೊಂಡು ಕೂತಿದ್ದ. ಪೆಟ್ರೋಲಿಗೆ ಆಯಿಲ್ ಕಲಸಿ ಟಾಕಿಗೆ ಸುರಿದು, ದಾರ ಜಗ್ಗಿ ಚಾಲೂ ಮಾಡಿದ. ನೀಲಿ ಹೊಗೆ ಅಡುಗೆಮನೆಗೇ ನುಗ್ಗಿತು. ತಂಗಿ ಸೆರಗು ಮೂಗಿಗೆ ಹಿಡಿದು ಬಾಗಿಲು ಹಾಕಲು ಎದ್ದಳು.

"ಹಾಕಬ್ಯಾಡ, ಇರಲಿ" ಅಂದೆ.

"ಅಯ್ಯ, ಪೆಟ್ರೋಲಿನ ವಾಸನಿ ಕುಡ್ಯಾಕ ಬಂದೀಯೇನ ಅಕ್ಕಾ ನೀ?"

"ಹೌದು, ಅದಕ್ಕ ಬಂದೇನಿ. ಚಹಾ ಆಮ್ಯಾಲೆ ಕೊಡು."

ಅವಳು ನನ್ನ ಮುಖವನ್ನು ಎರಡು ಸಲ ನೋಡಿ, ಅಕ್ಕನಿಗೆ ವಯಸ್ಸಾಯಿತು ಅಂದುಕೊಂಡಿರಬೇಕು, ಬಾಗಿಲು ಹಾಗೇ ಬಿಟ್ಟಳು. ಅವಳಿಗೆ ಅದು ಮೆಣಸಿನಗಿಡದ ಹೊಲದ ವಾಸನೆ. ನನಗೆ ಅದು ಸಮುದ್ರದ ವಾಸನೆ. ಉಪ್ಪುಗಾಳಿ, ಮೀನು, ಅಲೆ ಅಂತ ಓದಿದವರು ಏನೇನೋ ಹೇಳುತ್ತಾರೆ. ನಾನು ಸಮುದ್ರದಲ್ಲಿ ಹೆಚ್ಚಿನ ಹೊತ್ತು ಇಂಜಿನ್ನಿನ ಪಕ್ಕದಲ್ಲೇ ಇದ್ದವಳು. ನನ್ನ ಮೂಗಿಗೆ ಸಿಕ್ಕಿದ್ದು ಇದೇ ಹೊಗೆ.

ಮುಂಡರಗಿಯವರ ಹತ್ತಿರ ಬೋಟು ಇದೆ ಅಂದರೆ ಗದಗಿನವರೇ ನಂಬುವುದಿಲ್ಲ, ಉಳಿದವರ ಮಾತು ಬಿಡಿ. ಆದರೆ ಹೊಳೆಗೆ ಬ್ಯಾರೇಜು ಕಟ್ಟಿ ನೀರು ನಿಂತ ಮೇಲೆ ನಮ್ಮ ಕಡೆಯ ತುಂಗಭದ್ರೆ ಕೆರೆಯ ಹಾಗೆ ಹರವಿಕೊಂಡು ಮಲಗಿದಳು. ನಮ್ಮವರು ಮುಂಡರಗಿಯಲ್ಲಿ ಮೋಟಾರು ಸುತ್ತುವ ಅಂಗಡಿ ಇಟ್ಟವರು. ಸುಟ್ಟುಹೋದ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತಿ ಜೀವ ಕೊಡುವುದು ಅವರ ಕಸುಬು. ಪಂಪುಗಳೆಲ್ಲ ಹೊಳೆದಂಡೆಯ ಮೇಲೆ. ಗಾಡಿಯಲ್ಲಿ ಹೋದರೆ ಒಂದು ಪಂಪಿನಿಂದ ಇನ್ನೊಂದಕ್ಕೆ ಹೊಲ, ಹಳ್ಳ, ಮುಳ್ಳುಬೇಲಿ ಸುತ್ತಬೇಕು. ನೀರಿನ ಮೇಲಿಂದ ಹೋದರೆ ಬೀದಿಯಲ್ಲಿ ಮನೆಯಿಂದ ಮನೆಗೆ ಹೋದ ಹಾಗೆ. ಅದನ್ನು ಲೆಕ್ಕ ಹಾಕಿ ಒಂದು ಹಳೆಯ ಫೈಬರ್ ಬೋಟು ತಂದರು, ಹಿಂದೆ ಇಂಜಿನ್ನು ಕೂರಿಸಿದರು. ದಂಡೆಯ ಊರುಗಳಲ್ಲಿ ಅವರ ಹೆಸರೇ ಬೋಟಿನ ಈರಪ್ಪ ಅಂತಾಯಿತು. ಆ ಹೆಸರು ಯಾರಾದರೂ ಕರೆದರೆ ಮೀಸೆಯೊಳಗೆ ನಗುತ್ತಿದ್ದರು. ನಾನು ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಗದಗಿನ ಖಾನಾವಳಿಗಳಿಗೆ ಕಳಿಸುತ್ತಿದ್ದೆ, ಈಗಲೂ ಕಳಿಸುತ್ತೇನೆ.

ನಮ್ಮವರನ್ನು ನೋಡಿ ಇನ್ನಿಬ್ಬರಿಗೆ ಹುಚ್ಚು ಹತ್ತಿತು. ಒಬ್ಬ ಬಾಬುಸಾಬ, ನಮ್ಮ ಅಂಗಡಿಯ ಪಕ್ಕದ ವೆಲ್ಡಿಂಗ್ ಅಂಗಡಿಯವನು. ಅವನು ಒಡೆದುಹೋದ ಬೋಟೊಂದನ್ನು ತಂದು ತೇಪೆ ಹಾಕಿ ಹಾಕಿ, ಈಗ ಅದರಲ್ಲಿ ಮೂಲ ಬೋಟು ಎಷ್ಟು ತೇಪೆ ಎಷ್ಟು ಅಂತ ಅವನಿಗೇ ಗೊತ್ತಿಲ್ಲ. ಇನ್ನೊಬ್ಬ ಶಿರಹಟ್ಟಿಯ ಫಕ್ಕೀರಪ್ಪ, ಬಟ್ಟೆ ಅಂಗಡಿಯ ಸಾಹುಕಾರ. ಅವನದು ಬರೀ ಶೋಕಿ. ಕಾರಿನ ಹಾಗೆ ಚಕ್ರ ತಿರುಗಿಸುವ, ಚಾವಿ ತಿರುವಿದರೆ ಚಾಲೂ ಆಗುವ ಬಿಳಿ ಬೋಟು. ದೀಪಾವಳಿ ಮುಗಿದ ಮೇಲೆ ಒಂದು ಭಾನುವಾರ ಮೂರೂ ಬೋಟು ಕೂಡಿ ಹೊಳೆಯಲ್ಲಿ ಮೇಲಕ್ಕೆ ಹೋಗಿ, ದಂಡೆಯಲ್ಲಿ ಅಡುಗೆ ಮಾಡಿ ಉಂಡು ಬರುವುದು ವರ್ಷದ ರೂಢಿ. ಒಲೆ ಹೊತ್ತಿತೋ ಇಲ್ಲವೋ ಫಕ್ಕೀರಪ್ಪ ಶುರು ಮಾಡುತ್ತಿದ್ದ: "ಒಮ್ಮೆ ಸಮುದ್ರಕ್ಕ ಒಯ್ಯೂಣೋ ಈರಣ್ಣ. ದಂಡಿ ಹಿಡ್ಕೊಂಡು ಹೋಗೂಣು, ಒಂದೂರಿಂದ ಇನ್ನೊಂದೂರಿಗೆ." ನಮ್ಮವರು "ಮುಂದಿನ ವರ್ಷ" ಅನ್ನುತ್ತಿದ್ದರು.

ಆ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ನಮ್ಮವರ ಬಲಗೈಯಿಂದ ಚಹಾದ ಕಪ್ಪು ಬಿತ್ತು. "ಏನಾತ್ರಿ?" ಅಂದರೆ ಬಾಯಿಂದ ಮಾತಿನ ಬದಲು ಬರೀ ಸದ್ದು ಬಂತು. ಗದಗಿನ ದವಾಖಾನೆಗೆ ಹಾಕಿಕೊಂಡು ಓಡಿದೆವು. ದೇವರು ದೊಡ್ಡವನು, ಮಾತು ಮರಳಿತು, ಕಾಲು ಮರಳಿತು. ಬಲಗೈ ಮಾತ್ರ ಪೂರ್ತಿ ಮರಳಲಿಲ್ಲ. ತಟ್ಟೆ ಹಿಡಿಯುತ್ತಾರೆ, ಗುಂಡಿ ಹಾಕಿಕೊಳ್ಳುತ್ತಾರೆ, ಆದರೆ ಜೋರು ಬೇಕಾದ ಕೆಲಸಕ್ಕೆ ಅದು ಒಲ್ಲೆ ಅನ್ನುತ್ತದೆ.

ದಸರೆಯ ಹೊತ್ತಿಗೆ ನಡೆದಾಡುವಂತಾದರು. ಒಂದಿನ ಯಾರಿಗೂ ಹೇಳದೆ ಹೊಳೆಗೆ ಹೋಗಿ ಬೋಟು ಹತ್ತಿದ್ದಾರೆ. ನಮ್ಮ ಇಂಜಿನ್ನಿಗೆ ಚಾವಿ ಇಲ್ಲ, ಹಗ್ಗ ಜಗ್ಗಬೇಕು, ಅದೂ ಒಂದೇ ಉಸಿರಿಗೆ. ಬಲಗೈಯಲ್ಲಿ ಜಗ್ಗಿದರು, ಹಿಡಿಕೆ ಜಾರಿತು. ಎಡಗೈಯಲ್ಲಿ ಜಗ್ಗಿದರು, ಅರ್ಧ ಬಂದ ಹಗ್ಗ ಸೆಳೆದುಕೊಂಡು ಹೋಗಿ ಬೆರಳಿಗೆ ಬಡಿಯಿತು. ಬಾಬುಸಾಬ ಅಲ್ಲೇ ತನ್ನ ಬೋಟು ತೊಳೆಯುತ್ತಿದ್ದವನು ಓಡಿ ಬಂದು, "ಸರೀರಿ ಅಣ್ಣಾರ, ನಾ ಜಗ್ತೀನಿ. ನೀವು ಹಿಡಿಕಿ ಹಿಡೀರಿ ಸಾಕು" ಅಂದನಂತೆ. ಇವರು "ಕೈ ಹಚ್ಚಬ್ಯಾಡ" ಅಂತ ಗದರಿ, ಇಳಿದು ಮನೆಗೆ ಬಂದುಬಿಟ್ಟರು.

"ಬೋಟು ಮಾರೂದು" ಅಂದರು ನನಗೆ.

"ಯಾಕ್ರಿ? ಹೊಡ್ಯಾಕ ಎಡಗೈ ಸಾಕಲ್ಲ. ಬಾಬು ಹಗ್ಗ ಜಗ್ಗತಾನ."

"ತನ್ನ ಇಂಜನ್ನು ತಾ ಚಾಲೂ ಮಾಡಾಕ ಬರಲಾರದಾಂವ ಬೋಟಿನ ಮಾಲಕ ಹೆಂಗ ಆಕ್ಕಾನ? ದಂಡಿ ಮ್ಯಾಲೆ ನಿಂತ ಮಂದೀನ ಕರಿಯೂದು, 'ಯಪ್ಪಾ ಬಾ, ಒಂಚೂರು ಜಗ್ಗು' ಅಂತ? ನನ್ನ ಕೈಲಿ ಆಗಂಗಿಲ್ಲ ಆ ಕೆಲಸ."

ಅಷ್ಟೇ. ಮನುಷ್ಯನಿಗೆ ಬಂದ ಜಡ್ಡಿಗಿಂತ ಮನುಷ್ಯನ ಹಟ ದೊಡ್ಡದು. ಹೊಳೆಯಾಚೆ ಬಸನಗೌಡ ಅಂತ ಒಬ್ಬ ಜಮೀನುದಾರ ಮೊದಲಿಂದಲೂ ಆ ಬೋಟಿನ ಮೇಲೆ ಕಣ್ಣಿಟ್ಟಿದ್ದ. ಇವರು ಅವನಿಗೆ ಮಾತು ಕೊಟ್ಟೇಬಿಟ್ಟರು. ಆಮೇಲೆ ಅಂಗಡಿಗೆ ಹೋಗುವುದನ್ನೂ ಬಿಟ್ಟರು. ಅಂಗಡಿಯ ಕೆಲಸದವರು ಬಂದು ಕೇಳಿದರೆ ಮಂಚದ ಮೇಲಿಂದಲೇ ಒಂದು ಮಾತು ಹೇಳಿ ಗೋಡೆಯ ಕಡೆ ತಿರುಗುತ್ತಿದ್ದರು. ನನಗೆ ಭಯವಾಗಿದ್ದು ಆಗ. ಬೋಟು ಹೋದರೆ ಹೋಯಿತು, ಅದೇನು ನನ್ನ ತವರಿನ ಬಳುವಳಿಯಲ್ಲ. ಅದರ ಹಿಂದೆಯೇ ಈ ಮನುಷ್ಯನೂ ಹೊರಟುಬಿಡುತ್ತಾನೆ, ಮಂಚದ ಮೇಲೆ ಬರೀ ಇವರ ಅಂಗಿ-ಧೋತರ ಉಳಿಯುತ್ತದೆ ಅನ್ನಿಸಿತು. ರೊಟ್ಟಿ ಬಡಿಯುತ್ತ ಬಡಿಯುತ್ತ ಅತ್ತದ್ದೂ ಉಂಟು, ಹಿಟ್ಟಿಗೆ ಉಪ್ಪು ಹಾಕುವ ಕೆಲಸ ತಪ್ಪಿತು.

ಫಕ್ಕೀರಪ್ಪ ಶಿರಹಟ್ಟಿಯಿಂದ ಬಂದು, "ಮಾರೂದಾದ್ರ ಮಾರ್ಕೋ ಈರಣ್ಣ. ಆದ್ರ ಈ ವರ್ಷ ಸಮುದ್ರಕ್ಕ ಹೋಗೂದು ಪಕ್ಕಾ. ಮೂರೂ ಬೋಟು ಹೋಗಬೇಕು. ಎರಡ ಹೋದ್ರ ಅದೇನು ಹೋಗಿದ್ದಾತು?" ಅಂದ. ಇವರು, "ಬಾಬುನ ಕಡೆ ಯಾರರೆ ಇದ್ರ ನನ್ನ ಬೋಟು ಹೊಡ್ಕೊಂಡು ಹೋಗಲಿ. ನಾ ಬರಂಗಿಲ್ಲ" ಅಂದರು.

ಆ ಮಾತು ಕೇಳಿದ ಮರುದಿನವೇ ನಾನು ಗಿರಣಿಗೆ ಹೋಗುತ್ತೇನೆಂದು ಹೇಳಿ ಹೊಳೆಗೆ ಹೋದೆ. ಬಾಬುಸಾಬನಿಗೆ, "ನನಗ ಕಲಿಸು" ಅಂದೆ.

"ವೈನೀರ, ಇದೇನು ರೊಟ್ಟಿ ಹಂಚಲ್ರಿ."

"ಹಂಚಲ್ಲ ಅಂತ ನನಗೂ ಕಾಣತೇತಿ. ಹಗ್ಗ ಎಲ್ಲೈತಿ ತೋರಸು."

ಕಾಲು ಊರಿ ಜಗ್ಗಿದೆ. ಮೊದಲ ಜಗ್ಗಿಗೇ ಇಂಜಿನ್ನು ಗುಡುಗಿತು. ಬಾಬುಸಾಬ ಕಣ್ಣು ಬಿಟ್ಟು ನೋಡಿದ. ಅದರಲ್ಲಿ ದೊಡ್ಡಸ್ತಿಕೆ ಏನಿಲ್ಲ. ದಿನಾ ಮೂಟೆ ಮೂಟೆ ಹಿಟ್ಟು ನಾದಿ ಬಡಿಯುವ ರಟ್ಟೆ ಅದು, ಒಂದು ಹಗ್ಗಕ್ಕೆ ಸೋಲುತ್ತದೆಯೇ? ಆದರೆ ಹೊಡೆಯುವುದು ಬರಬೇಕಲ್ಲ. ಹಿಂದಿನ ಹಿಡಿಕೆಯನ್ನು ಎಡಕ್ಕೆ ಒತ್ತಿದರೆ ಬೋಟು ಬಲಕ್ಕೆ ಹೋಗುತ್ತದೆ, ಬಲಕ್ಕೆ ಒತ್ತಿದರೆ ಎಡಕ್ಕೆ. ಇಂಥ ಅಡ್ಡ ಸ್ವಭಾವ ನಾನು ಮನೆಯಲ್ಲಿ ಒಬ್ಬರಲ್ಲಿ ಮಾತ್ರ ನೋಡಿದ್ದೆ. ಮೊದಲ ದಿನ ದಂಡೆಯ ಆಪಿನ ಜೊಂಡಿನೊಳಗೆ ನುಗ್ಗಿಸಿದೆ. ಬಾಬುಸಾಬ "ಯಾ ಅಲ್ಲಾ" ಅಂತ ಎರಡೂ ಕೈ ತಲೆಯ ಮೇಲೆ ಹೊತ್ತ. ಆದರೂ ಮಧ್ಯಾಹ್ನ ಮಧ್ಯಾಹ್ನ ಹೋಗಿ, ಬಿಳಿಜೋಳ ಮೊಣಕಾಲುದ್ದ ಬರುವ ಹೊತ್ತಿಗೆ, ದಂಡೆಗೆ ಬಡಿಯದೆ ಹೋಗಿ ಬರುವಷ್ಟು ಕಲಿತೆ.

ಊರಲ್ಲಿ ಗುಟ್ಟು ಎಲ್ಲಿ ಉಳಿಯುತ್ತದೆ? ಗಿರಣಿಯವನೇ ಬಂದು, "ನಿಮ್ಮ ಮನಿಯವರು ಬೋಟು ಭಾರಿ ಹೊಡೀತಾರಂತಲ್ರಿ" ಅಂದನಂತೆ. ಇವರು ನನ್ನ ಮೇಲೆ ಹರಿಹಾಯ್ದರು. "ಗಂಡ ಮೂಲಿಗೆ ಬಿದ್ದಾನ ಅಂತ ಊರಿಗೆ ಡಂಗುರ ಸಾರಾಕ ಹೋಗಿದ್ದೇನು?"

ನನಗೂ ಸಿಟ್ಟು ಬಂತು. "ಮೂಲಿಗೆ ಬಿದ್ದಾವರು ನೀವ, ಯಾರೂ ದಬ್ಬಿಲ್ಲ. ಮಾರೂ ಮುಂದ ಆ ಬೋಟಿಗೆ ಒಮ್ಮೆ ಸಮುದ್ರ ತೋರಿಸ್ಕೊಂಡು ಬರ್ತೀನಿ. ನೀವು ಬರ್ರಿ, ಬಿಡ್ರಿ."

ಬಂದರು. ನನ್ನ ಮೇಲಿನ ಪ್ರೀತಿಗೆ ಬಂದರು ಅಂತ ಯಾರೂ ತಿಳಿಯಬಾರದು. ನಾನು ಎಲ್ಲಿ ಒಡೆದುಬಿಡುತ್ತೇನೋ ಅಂತ ಬೋಟಿನ ಮೇಲಿನ ಜೀವಕ್ಕೆ ಬಂದರು.

ಮೂರೂ ಬೋಟನ್ನು ಲಾರಿಗಳ ಮೇಲೆ ಹೇರಿದೆವು. ಗದಗಿನಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಬೆಟಗೇರಿಯ ಒಬ್ಬ ಅಜ್ಜ ಲಾರಿಯ ಸುತ್ತ ಒಂದು ಸುತ್ತು ಹಾಕಿ, "ಯಾವ ಕೆರಿಗ್ರಿ ಇವು? ಇಷ್ಟು ನೀರ ನಮ್ಮ ಕಡೆ ಎಲ್ಲೈತ್ರಿ?" ಅಂದ. ಫಕ್ಕೀರಪ್ಪ, "ನೀರು ನಮ್ಮ ಕಡೆ ಬರವಲ್ದು ಅಜ್ಜಾ, ಅದಕ್ಕ ನಾವ ಅದರ ಕಡೆ ಹೊಂಟೇವಿ" ಅಂದ. ಅಜ್ಜ ತಲೆಯಾಡಿಸಿ, ಹೋಗಿ ಬರ್ರಪ್ಪಾ ಅಂತ ಹರಸಿ ಕಳಿಸಿದ. ಹುಬ್ಬಳ್ಳಿ ದಾಟಿ, ಘಟ್ಟ ಇಳಿದು, ರಾತ್ರಿ ಬಹಳ ಹೊತ್ತಾದ ಮೇಲೆ ತದಡಿ ಮುಟ್ಟಿದೆವು. ಅಲ್ಲಿ ಅಘನಾಶಿನಿ ಹೊಳೆ ಸಮುದ್ರ ಸೇರುತ್ತದೆ. ನಮಗೆ ದಾರಿ ತೋರಿಸಲು ಫಕ್ಕೀರಪ್ಪ ಗೊತ್ತು ಮಾಡಿದ್ದ ಅಲ್ಲಿಯ ಮೀನುಗಾರ ನಾಗೇಶ ಬೆಳಿಗ್ಗೆ ಬರುವವನಿದ್ದ. ಬಂದರಿನವರಿಗೆ ಹೇಳಿ, ನಾವೇ ಬೋಟುಗಳನ್ನು ಇಳಿಸಿದೆವು.

ದೋಣಿ ನಿಲ್ಲುವ ಕಲ್ಲಿನ ಕಟ್ಟೆಗೆ ಅಲ್ಲಿಯವರು ಧಕ್ಕೆ ಅನ್ನುತ್ತಾರೆ. ನಾವು ಹೋದಾಗ ನೀರು ಧಕ್ಕೆಯ ಅಂಚಿನವರೆಗೂ ತುಂಬಿ ತುಳುಕುತ್ತಿತ್ತು. ಕಾಲು ಇಳಿಬಿಟ್ಟರೆ ಒದ್ದೆಯಾಗುವಷ್ಟು. ಬೋಟು ಕಟ್ಟುವ ಹೊತ್ತಿಗೆ ನಮ್ಮವರು ತಾವಾಗಿಯೇ ಎದ್ದು ಬಂದರು. ನಮ್ಮ ಹಿನ್ನೀರಿನಲ್ಲಿ ರಾತ್ರಿ ಗಾಳಿ ಎದ್ದರೆ ಸಡಿಲ ಕಟ್ಟಿದ ಬೋಟು ದಂಡೆಯ ಕಲ್ಲಿಗೆ ಬಡಿದು ಬಡಿದು ಒಡೆಯುತ್ತದೆ. ಅದಕ್ಕೆ ನಮ್ಮ ಕಡೆ ಹಗ್ಗ ಗಿಡ್ಡ ಬಿಟ್ಟು ಬಿಗಿಯಾಗಿ ಕಟ್ಟುವ ಪದ್ಧತಿ. ಇವರು ಎಡಗೈ ಆಡಿಸುತ್ತ ಹುಕುಂ ಮಾಡತೊಡಗಿದರು.

"ಬಾಬೂ, ಗಿಡ್ಡ ಕಟ್ಟು. ಇನ್ನೂ ಗಿಡ್ಡ. ಫಕ್ಕೀರಾ, ಅದೇನು ಎಮ್ಮಿ ಮೇಸಾಕ ಬಿಟ್ಟಂಗ ಬಿಟ್ಟೀಯಲೇ? ಬಿಗಿ!"

ಒಂದೊಂದು ಗಂಟನ್ನೂ ಜಗ್ಗಿ ನೋಡಿದರು. ತಿಂಗಳುಗಟ್ಟಲೆ ಕೇಳದ ದನಿ ಅದು. ನಾನು ದೂರ ಕೂತು ಶೇಂಗಾ ಚಟ್ನಿ, ರೊಟ್ಟಿ ಬಿಚ್ಚುತ್ತ, ಇದಕ್ಕಾದರೂ ಬಂದದ್ದು ಸಾರ್ಥಕ ಅಂದುಕೊಂಡೆ.

ಬೆಳಿಗ್ಗೆ ಎದ್ದು ಧಕ್ಕೆಗೆ ಬಂದರೆ ನೀರೇ ಇಲ್ಲ!

ಖರೆ ಹೇಳುತ್ತೇನೆ, ರಾತ್ರಿ ತುಂಬಿದ್ದ ನೀರು ಎಲ್ಲಿಗೋ ಎದ್ದು ಹೋಗಿತ್ತು. ಕೆಳಗೆ ಕಪ್ಪು ಕೆಸರು. ನಮ್ಮ ಬೋಟಿನ ಮೂತಿ ಗಿಡ್ಡ ಹಗ್ಗಕ್ಕೆ ಸಿಕ್ಕು ಮೇಲೆ ನೇತಾಡುತ್ತಿತ್ತು, ಹಿಂಬದಿ ಕೆಸರಲ್ಲಿ ಊರಿತ್ತು. ಒಳಗಿಟ್ಟ ರೊಟ್ಟಿ ಗಂಟು, ನೀರಿನ ಕ್ಯಾನು, ನೀರಲ್ಲಿ ತೇಲಿಸುವ ಜಾಕೀಟು ಎಲ್ಲ ಜಾರಿ ಹಿಂದೆ ಗುಡ್ಡೆಯಾಗಿದ್ದವು. ಬಾಬುಸಾಬನ ಹಗ್ಗ ಹರಿದು ಬೋಟು ಪಕ್ಕಕ್ಕೆ ಮಲಗಿತ್ತು. ಫಕ್ಕೀರಪ್ಪನ ಬಿಳಿ ಬೋಟು ಹಗ್ಗ ಕಟ್ಟುವ ಗೂಟವನ್ನೇ ಕಿತ್ತುಕೊಂಡು ಕೆಸರಿನಲ್ಲಿ ಕೂತಿತ್ತು. ಆ ಕೆಸರಲ್ಲೇ ಬಗ್ಗಿ ಚಿಪ್ಪಿ ಆರಿಸುತ್ತಿದ್ದ ಹೆಂಗಸರು ಕೆಲಸ ಬಿಟ್ಟು ನಿಂತಿದ್ದರು. ಅವರಲ್ಲೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಕೂಗಿದಳು: "ಅಮಾ, ಬೋಟನ್ನ ಒಣಗ್ಸುಕೆ ಹಾಕಿದ್ರ್ಯಾ?"

ಎಲ್ಲರೂ ಗೊಳ್ಳೆಂದು ನಕ್ಕರು. ನನಗೂ ನಗು ಬಂತು, ಸೆರಗು ಕಚ್ಚಿ ತಡೆದೆ, ಯಾಕೆಂದರೆ ನಮ್ಮವರ ಮುಖ ನೋಡಿದ್ದೆ.

ನಾಗೇಶ ಬಂದ. ಒಳ್ಳೆಯ ಮನುಷ್ಯ, ನಗದೆ ಹೇಳಿದ: "ಇಲ್ಲಿ ನೀರು ದಿನಾ ಏರ್ತದೆ, ಇಳೀತದೆ. ಹಗ್ಗ ಉದ್ದ ಬಿಡ್ಬೇಕು. ಅಡ್ಡಿಲ್ಲ, ಮಧ್ಯಾಹ್ನಕ್ಕೆ ಮತ್ತೆ ತುಂಬ್ತದೆ, ಬೋಟು ತನ್ನಷ್ಟಕ್ಕೇ ಎದ್ದು ನಿಲ್ತದೆ."

ಸಮುದ್ರಕ್ಕೆ ಉಬ್ಬರ ಇಳಿತ ಇದೆ ಅಂತ ನಾವೇನು ಕೇಳಿರಲಿಲ್ಲವೇ? ಶಾಲೆಯಲ್ಲಿ ಓದಿದ್ದೇವೆ. ಆದರೆ ಕೈ ಓದಿರಲಿಲ್ಲ. ಕೈಗೆ ಗೊತ್ತಿದ್ದದ್ದು ನಮ್ಮ ಹೊಳೆ, ರಾತ್ರಿ ಎಲ್ಲಿ ಬಿಟ್ಟೆವೋ ಬೆಳಿಗ್ಗೆ ಅಲ್ಲೇ ಇರುವ ನೀರು.

ಇವರು ಒಂದು ಕಲ್ಲಿನ ಮೇಲೆ ಕೂತುಬಿಟ್ಟಿದ್ದರು. ನಾನು ಹತ್ತಿರ ಹೋದೆ. "ಕೈ ಅಷ್ಟ ಹೋಗೇತಿ ಅಂತ ತಿಳ್ಕೊಂಡಿದ್ದೆ" ಅಂದರು, ನನ್ನನ್ನು ನೋಡದೆ. "ತಲಿನೂ ಹೋಗೇತಿ. ನಾ ಹೇಳಿದ್ದಕ್ಕ ಎಲ್ಲಾರ ಬೋಟು ಹಾಳಾತು. ಊರಿಗೆ ಹೋದ ಕೂಡ್ಲೆ ಗೌಡಗ ಒಪ್ಪಿಸಿಬಿಡೂಣು."

ಬಾಬುಸಾಬ ಕೆಸರು ಮೆತ್ತಿದ ಕಾಲಲ್ಲಿ ಅಲ್ಲಿಗೇ ಬಂದ. "ನಿಮ್ಮ ತಲಿ ಎಲ್ಲೂ ಹೋಗಿಲ್ರಿ ಅಣ್ಣಾರ. ಸಮುದ್ರ ಹೋಗೇತಿ. ಮಧ್ಯಾಹ್ನ ಬರತೇತಂತ, ಬಂದ ಮ್ಯಾಲೆ ಅದನ್ನ ಕೇಳೂಣು." ಇವರು ನಗಲಿಲ್ಲ.

ನಾವು ಬೋಟುಗಳ ಕೆಸರು ತೊಳೆದೆವು, ಕಿತ್ತುಹೋದ ಗೂಟವನ್ನು ಬಾಬುಸಾಬ ಮತ್ತೆ ಬಡಿದು ಕೂರಿಸಿದ. ಬಿಸಿಲೇರಿದಂತೆ ನೀರು ಸದ್ದಿಲ್ಲದೆ ಮರಳಿ ಬಂತು. ನಮ್ಮ ಬೋಟು ಮೊದಲು ಒಂದು ಬದಿಗೆ ಅಲುಗಿತು, ಆಮೇಲೆ ಎದ್ದು ನೆಟ್ಟಗಾಯಿತು. ನನಗೆ ಅದನ್ನು ನೋಡಿ ಯಾಕೋ ಧೈರ್ಯ ಬಂತು.

ಲಾರಿಗಳನ್ನು ರಸ್ತೆಯ ಮೇಲೆ ಹೊನ್ನಾವರಕ್ಕೆ ಕಳಿಸಿ, ನಾವು ಸಮುದ್ರದ ಮೇಲೆ ಅಲ್ಲಿಗೇ ಹೊರಟೆವು. ಮುಂದೆ ಫಕ್ಕೀರಪ್ಪನ ಬೋಟಿನಲ್ಲಿ ನಾಗೇಶ, ಹಿಂದೆ ಬಾಬುಸಾಬ, ಕೊನೆಗೆ ನಾವು. ಹಗ್ಗ ಜಗ್ಗಿ ಚಾಲೂ ಮಾಡಿದವಳೂ ನಾನೇ, ಹಿಡಿಕೆ ಹಿಡಿದವಳೂ ನಾನೇ. ನಮ್ಮವರು ಜಾಕೀಟು ತೊಟ್ಟು ಮುಂದೆ, ನನಗೆ ಬೆನ್ನು ಹಾಕಿ ಕೂತಿದ್ದರು, ಸಂತೆಯಿಂದ ತಂದ ಮೂಟೆಯ ಹಾಗೆ. ಹೊಳೆಯ ಬಾಯಿ ದಾಟಿ ಸಮುದ್ರಕ್ಕೆ ಬಿದ್ದ ಕೂಡಲೇ ಅಲೆ ಬೋಟನ್ನು ಎತ್ತಿ ಎತ್ತಿ ಇಳಿಸತೊಡಗಿತು. ಎಡಕ್ಕೆ ದಂಡೆ, ತೆಂಗಿನ ಸಾಲು, ಕುಮಟೆಯ ಗುಡ್ಡಗಳು. ಬಲಕ್ಕೆ ನೋಡಿದರೆ ಏನೂ ಇಲ್ಲ, ಬರೀ ನೀರು. ಬದುವಿಲ್ಲ, ಗಿಡವಿಲ್ಲ, ಆಚೆ ದಂಡೆಯೂ ಇಲ್ಲ. ಎಷ್ಟು ಚಂದ ಇತ್ತು ಅಂದರೆ ಹೆದರುವುದನ್ನೂ ಸ್ವಲ್ಪ ಹೊತ್ತು ಮರೆತೆ. "ನೋಡ್ರೀ, ಇಲ್ಲಿ ನೋಡ್ರೀ!" ಅಂತ ಕೂಗಿದೆ. ಬೆನ್ನು ತಿರುಗಲಿಲ್ಲ.

ಅರ್ಧ ದಾರಿ ಕಳೆದಿರಬೇಕು, ಗಾಳಿ ಎದ್ದಿತು. ಅಲೆಗಳು ಬಲಗಡೆಯಿಂದ ಬಂದು ಬೋಟಿನ ಪಕ್ಕೆಗೆ ಬಡಿಯತೊಡಗಿದವು. ನಾನು ತಪ್ಪು ಹೊಡೆಯುತ್ತಿದ್ದೇನೆ ಅಂತ ನನಗೆ ಗೊತ್ತಾಗುತ್ತಿತ್ತು, ಸರಿ ಯಾವುದು ಅಂತ ಗೊತ್ತಾಗುತ್ತಿರಲಿಲ್ಲ. ದೊಡ್ಡ ಅಲೆಯೊಂದು ಎದ್ದು ಬಂದದ್ದು ನೋಡಿ ಹೆದರಿ ವೇಗವನ್ನು ಒಮ್ಮೆಲೇ ಇಳಿಸಿಬಿಟ್ಟೆ. ಇಂಜಿನ್ನು ಕೆಮ್ಮಿ ನಿಂತುಹೋಯಿತು. ಬೋಟು ಅಡ್ಡ ತಿರುಗಿ ತೊಟ್ಟಿಲಿನ ಹಾಗೆ ತೂಗತೊಡಗಿತು, ಅಂಚಿನ ಮೇಲಿಂದ ನೀರು ಒಳಗೆ ಬಂತು. ಮುಂದಿನ ಎರಡೂ ಬೋಟು ದೂರ ಹೋಗಿದ್ದವು. ಕೂಗಿದೆ, ಕೇಳಲಿಲ್ಲ.

ಆಗ ಬೆನ್ನು ತಿರುಗಿತು. ನಮ್ಮವರು ಕೂತಲ್ಲಿಂದಲೇ ಸರಿಯುತ್ತ, ಸೀಟು ಹಿಡಿಯುತ್ತ ಹಿಂದಕ್ಕೆ ಬಂದರು. "ಸರಿ" ಅಂದರು. ಸರಿದೆ. ಅವರ ಕೈ ನೇರವಾಗಿ ಹೋದದ್ದು ಹಗ್ಗಕ್ಕೆ. ಎಡಗೈಯಲ್ಲಿ ಹಿಡಿದರು. ಈಗ ಜಗ್ಗುತ್ತಾರೆ, ಜಗ್ಗಿ ಬರದೆ ಹೋದರೆ ಈ ಮನುಷ್ಯ ಮತ್ತೆ ಏಳುವುದಿಲ್ಲ ಅನ್ನಿಸಿತು. ಇನ್ನೊಂದು ಅಲೆ ಬಡಿಯಿತು. ಇಬ್ಬರೂ ತೊಯ್ದು ತೊಪ್ಪೆಯಾದೆವು. ಅವರು ಹಗ್ಗವನ್ನು ನೋಡಿದರು, ನನ್ನ ರಟ್ಟೆ ನೋಡಿದರು, ಹಗ್ಗವನ್ನು ನನ್ನ ಕೈಗೆ ತುರುಕಿದರು.

"ಜಗ್ಗು."

ಜಗ್ಗಿದೆ. ಬರಲಿಲ್ಲ.

"ಅರ್ಧಕ್ಕ ಬಿಡಬ್ಯಾಡ! ಪೂರಾ ಜಗ್ಗು!"

ಅಡ್ಡಗಾಲು ಊರಿ, ಅವ್ವನನ್ನು ನೆನೆದು ಜಗ್ಗಿದೆ. ಇಂಜಿನ್ನು ಹಿಡಿಯಿತು. ನಾನು ಹಿಡಿಕೆಗೆ ಕೈ ಚಾಚುವಷ್ಟರಲ್ಲಿ ಅವರ ಎಡಗೈ ಅಲ್ಲಿತ್ತು. ಬೋಟಿನ ಮೂತಿಯನ್ನು ಅಲೆಗೆ ಎದುರು ತಿರುಗಿಸಿದರು, ಏರಿಸಿದರು, ಇಳಿಸಿದರು. ಎಮ್ಮೆಯ ಹಾಗೆ ಹೊರಳಾಡುತ್ತಿದ್ದ ಬೋಟು ಅವರ ಕೈಗೆ ಬಂದ ಕೂಡಲೇ ಮಾತು ಕೇಳತೊಡಗಿತು.

"ಆಚಿ ಬದಿ ಕುಂಡ್ರು! ಅಲ್ಲಲ್ಲೇ, ಅಲ್ಲಿ! ನೀರು ಬಾಚು! ಡಬ್ಬಿ ಎಲ್ಲೈತಿ? ಇಷ್ಟು ದಿನ ಬಾಬು ಏನ ಕಲಿಸ್ಯಾನ ನಿನಗ, ಮಣ್ಣು?"

ಬೈಗುಳ ತಿಂದು ಅಷ್ಟು ಖುಷಿಪಟ್ಟವಳು ಜಗತ್ತಿನಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ನೀರು ಬಾಚುತ್ತ ನಗುತ್ತಿದ್ದೆ, ಅಳುತ್ತಲೂ ಇದ್ದೆ. ಉಪ್ಪುನೀರಿನಲ್ಲಿ ಅದೆಲ್ಲ ಯಾರಿಗೆ ಗೊತ್ತಾಗುತ್ತದೆ?

ಹೊನ್ನಾವರದ ಹೊಳೆಯ ಬಾಯಲ್ಲಿ ಅಲೆ ಒಡೆಯುತ್ತದೆ. ನಾಗೇಶ ಕೈ ಮಾಡಿದ ಹಾಗೆ ಒಂದರ ಹಿಂದೆ ಒಂದು ಹೋಗಬೇಕು. ನಮ್ಮವರು ಒಂದು ದೊಡ್ಡ ಅಲೆಯನ್ನು ಮುಂದೆ ಬಿಟ್ಟು, ಅದರ ಬೆನ್ನಿಗೇ ಬೋಟು ಬಿಟ್ಟು, ಒಳಗೆ ತಂದು ನಿಲ್ಲಿಸಿದರು. ಧಕ್ಕೆಯ ಮೇಲೆ ನಿಂತಿದ್ದ ಬಾಬುಸಾಬ, ಫಕ್ಕೀರಪ್ಪ ಇಬ್ಬರೂ ಇಂಜಿನ್ನಿನ ಹತ್ತಿರ ಯಾರು ಕೂತಿದ್ದಾರೆ ಅಂತ ನೋಡಿದರು. ಬಾಬುಸಾಬ ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡ. ಫಕ್ಕೀರಪ್ಪ ಹಗ್ಗ ಹಿಡಿದು, "ಎಷ್ಟು ಉದ್ದ ಬಿಡೂಣೋ ಈರಣ್ಣ?" ಅಂದ.

"ನಿನ್ನ ಅಂಗಡ್ಯಾಗಿನ ಬಟ್ಟಿ ಥಾನು ಪೂರಾ ಬಿಚ್ಚಲೇ!" ಅಂದರು ಇವರು. ಆಮೇಲೆ ಬಿದ್ದು ಬಿದ್ದು ನಕ್ಕೆವು, ಹೊಟ್ಟೆ ಹಿಡಿದು.

ಎಲ್ಲ ಸರಿಹೋಯಿತು ಅಂದುಕೊಂಡೆ. ಆದರೆ ಮರಳಿ ಬರುವಾಗ, ಲಾರಿ ಘಟ್ಟ ಹತ್ತುತ್ತಿದ್ದಾಗ, "ಇನ್ನ ಗೌಡಗ ಏನು ಹೇಳ್ತೀರಿ?" ಅಂತ ಕೇಳಿದರೆ ಇವರು ಬಲಗೈಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು.

"ಅಲ್ಲೆ ನೀ ಇದ್ದಿ, ನಾ ಇದ್ದೆ, ನಡುನೀರಾಗ ಬ್ಯಾರೆ ದಾರಿ ಇರಲಿಲ್ಲ" ಅಂದರು. "ನಮ್ಮ ದಂಡ್ಯಾಗ ನಾಕು ಮಂದಿ ಮುಂದ ಹೇಣ್ತಿಗೆ 'ಬಾ, ಜಗ್ಗು' ಅನ್ನೂದು... ಅದು ಬ್ಯಾರೆ. ಮಾತು ಕೊಟ್ಟೇನಿ. ಕೊಟ್ಟುಬಿಡೂಣು."

ಹೇಳಿ ಒಪ್ಪಿಸುವ ಮಾತಲ್ಲ ಅದು. ಅವರ ಬಾಯಿಂದಲೇ ಬರಬೇಕು, ಇಲ್ಲವೇ ಬೋಟು ಹೋಗಬೇಕು. ನಾನಾಗಿ ಹಗ್ಗಕ್ಕೆ ಕೈ ಹಚ್ಚಬಾರದು ಅಂತ ಲಾರಿಯಲ್ಲೇ ನಿರ್ಧಾರ ಮಾಡಿದೆ.

ಊರಿಗೆ ಬಂದು ಬೋಟುಗಳನ್ನು ಹೊಳೆಗೆ ಇಳಿಸಿದ ಸುದ್ದಿ ಮುಟ್ಟಿದ್ದೇ ತಡ, ಬಸನಗೌಡ ಬಂದ. ಬಿಳಿ ಅಂಗಿ, ಜೊತೆಗೆ ಬೋಟು ಹೊಡೆಯುವ ಆಳು. ಸಮುದ್ರಕ್ಕೆ ಹೋಗಿ ಬಂದ ಬೋಟು ನೋಡಲು ದಂಡೆಯ ಮೇಲೆ ಮಂದಿ ಕೂಡಿತ್ತು. ಪಂಪಿನ ರೈತರು, ಬಟ್ಟೆ ಒಗೆಯುವ ಹೆಂಗಸರು, ನಮ್ಮ ಗಿರಣಿಯವನೂ. ನಮ್ಮವರು ಬೋಟು ಹತ್ತಿ ಹಿಂದೆ ಇಂಜಿನ್ನಿನ ಪಕ್ಕ ಕೂತರು.

"ಚಾಲೂ ಮಾಡ್ರಿ ಈರಪ್ಪನವರ, ಸಪ್ಪಳ ಕೇಳೂಣು" ಅಂದ ಗೌಡ.

ಇವರು ಕೂತೇ ಇದ್ದರು. ಗೌಡನ ಆಳು ಒಂದು ಹೆಜ್ಜೆ ಮುಂದೆ ಬಂದ. ಬಾಬುಸಾಬನ ಕಾಲೂ ಎದ್ದಿತು. ನಾನು ಅವನ ತೋಳು ಹಿಡಿದು ನಿಲ್ಲಿಸಿದೆ. ಮಂದಿ ಗುಸುಗುಸು ಶುರು ಮಾಡಿತು. ಇವರ ಕಿವಿ ಕೆಂಪಾಗಿದ್ದು ನನಗೆ ದಂಡೆಯಿಂದಲೇ ಕಾಣುತ್ತಿತ್ತು. ಯಾಕಾದರೂ ಹಟ ಹಿಡಿದೆನೋ, ಓಡಿ ಹೋಗಿ ಜಗ್ಗಿಬಿಡಲೇ ಅನ್ನಿಸಿತು. ಕಾಲು ಬೆರಳನ್ನು ಉಸುಕಿನಲ್ಲಿ ಊರಿ ನಿಂತೆ.

ಇವರು ತಲೆ ಎತ್ತಿದರು. ಅಷ್ಟು ಮಂದಿಯ ನಡುವೆ ನನ್ನನ್ನು ಹುಡುಕಿದರು. ಮದುವೆಯಾದಾಗಿನಿಂದ ನಾಲ್ಕು ಜನರ ಮುಂದೆ ನನ್ನ ಹೆಸರು ಹಿಡಿದು ಕರೆದವರಲ್ಲ.

"ನೀಲವ್ವಾ!" ಅಂದರು, ದಂಡೆಗೆಲ್ಲ ಕೇಳುವ ಹಾಗೆ. "ಬಾ ಇಲ್ಲೆ. ನನಗ ಆಗಂಗಿಲ್ಲ. ನೀ ಜಗ್ಗು."

ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದೆ, ಬೋಟು ಹತ್ತಿದೆ, ಜಗ್ಗಿದೆ. ಒಂದೇ ಸಲಕ್ಕೆ ಗುಡುಗಿತು ನೋಡಿ! ಹೆಂಗಸರ ಕಡೆಯಿಂದ ಯಾರೋ ಚಪ್ಪಾಳೆ ಹೊಡೆದರು. "ಕುಂಡ್ರು" ಅಂದರು ಇವರು. ಕೂರುವಷ್ಟರಲ್ಲಿ ಬೋಟು ದಂಡೆ ಬಿಟ್ಟಿತ್ತು.

ಗೌಡ ನೀರಿನ ಅಂಚಿಗೆ ಬಂದು ಕೈ ಬೀಸಿದ. "ಸಾಕ್ರೀ, ಕೇಳಿದೆ! ತಿರುಗಸ್ರಿ ಇನ್ನ! ಎಲ್ಲಿಗ್ರೀ?"

ನಮ್ಮವರು ತಿರುಗಿ ನೋಡಲಿಲ್ಲ. ವೇಗ ಏರಿಸಿದರು.

"ಇದು ಮಾರೂದಲ್ರಿ ಗೌಡ್ರ, ತಪ್ಪು ತಿಳೀಬ್ಯಾಡ್ರಿ!" ಅಂತ ಕೂಗಿದರು. "ಆಚಿ ದಂಡ್ಯಾಗ ಪಂಪು ಕೆಟ್ಟು ಕುಂತೈತಿ. ನಾವಿಬ್ರೂ ಕೆಲಸಕ್ಕ ಹೊಂಟೇವಿ!"